ಬಾಯಲ್ಲಿ ಎಲ್ಲಾ ಹೇಳ್ತಾನೆ, ಓದು ಅಂದ್ರೆ ಓದಲ್ಲ: ಡಿಸ್ಲೆಕ್ಸಿಯಾ ಇರುವ ಮಕ್ಕಳ ಬಗ್ಗೆ ಪೋಷಕರಿಗೆ ಗೊತ್ತಿರಬೇಕಾದ ಮಾಹಿತಿ

ಟೀಚರ್ ಹೇಳಿದ ಕಥೆಯನ್ನು ಮನೆಗೆ ಬಂದು ಒಂದು ಮಾತೂ ಬಿಡದೆ ಹೇಳುವ ಮಗು, ಅದೇ ಕಥೆಯನ್ನು ಪುಸ್ತಕ ನೋಡಿ ಓದು ಅಂದರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ. ಐನೂರರ ನೋಟು ಕೊಟ್ಟರೆ ವಾಪಸ್ ಎಷ್ಟು ಬರಬೇಕು ಅಂತ ಅಂಗಡಿಯವರಿಗಿಂತ ಮೊದಲೇ ಹೇಳುವ ಹುಡುಗ, ಅಮ್ಮ ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ಮಾತ್ರ ಓದುವುದಿಲ್ಲ. ಅಂಗಡಿಯವರ ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತಾನೆ. ಕಿರಾಣಿ ಅಂಗಡಿ ಇಟ್ಟುಕೊಂಡವರು ಇಂಥ ಮಕ್ಕಳನ್ನು ಖಂಡಿತ ನೋಡಿರ್ತೀರಿ.

ಇವರಿಗೆ ಮನೆಯಲ್ಲಿ ಸಿಗುವ ಹೆಸರು ಸೋಮಾರಿ, ಕ್ಲಾಸಿನಲ್ಲಿ ಸಿಗುವ ಹೆಸರು ದಡ್ಡ. ಇಂಥವರಲ್ಲಿ ಕೆಲವರಿಗೆ ಇರುವುದು ಡಿಸ್ಲೆಕ್ಸಿಯಾ. ಸರ್ಕಾರಿ ಕಾಗದಪತ್ರದಲ್ಲಿ ಇದು 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂಬ ಗುಂಪಿನಲ್ಲಿ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಅಂದರೆ ಈ ಮಕ್ಕಳಿಗೆ ಶಾಲೆಯಲ್ಲಿ, ಪರೀಕ್ಷೆಯಲ್ಲಿ ಕಾನೂನುಬದ್ಧ ಹಕ್ಕುಗಳಿವೆ. ತೊಂದರೆ ಏನಂದ್ರೆ, ಮೂರನೇ ಕ್ಲಾಸಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗೆ ಬಂದಾಗ ಕೇಳ್ತಾರೆ.

ಇದು ಹೊಸ ಕಾಯಿಲೆ ಅಲ್ಲ

'ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು' ಅನ್ನುವವರಿಗೆ ಒಂದು ಹಳೇ ಸಂಗತಿ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕದಲ್ಲಿ ಮುಂದು, ಕಣ್ಣಿನ ದೋಷ ಇಲ್ಲ. ಆದರೆ ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆಯುತ್ತಿದ್ದ, ತಪ್ಪು ತೋರಿಸಿದರೂ ಬೇಗ ಗೊತ್ತಾಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನೇ ಮೊದಲಿಗ ಆಗಿರುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ನಮ್ಮಲ್ಲಿ ಈ ಹೆಸರು ಮನೆಮನೆಗೆ ಗೊತ್ತಾಗಿದ್ದು 2007ರಲ್ಲಿ 'ತಾರೇ ಜಮೀನ್ ಪರ್' ಸಿನಿಮಾ ಬಂದ ಮೇಲೆ.

ಡಿಸ್ಲೆಕ್ಸಿಯಾ ಕಣ್ಣಿನ ದೋಷ ಅಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ನಾವು ಆಡುವ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಆ ಧ್ವನಿಗೆ ಈ ಅಕ್ಷರ ಅಂತ ಥಟ್ಟನೆ ಜೋಡಿಸುವ ಕೆಲಸ ಮಿದುಳಿನಲ್ಲಿ ನಡೆಯುತ್ತದೆ. ಬಹಳಷ್ಟು ಮಕ್ಕಳಿಗೆ ಒಂದೆರಡು ವರ್ಷದಲ್ಲಿ ಇದು ರೂಢಿಯಾಗಿ ಹೋಗುತ್ತದೆ. ಸೈಕಲ್ ಕಲಿತ ಮೇಲೆ ಪೆಡಲ್ ಬಗ್ಗೆ ಯೋಚನೆ ಮಾಡಲ್ವಲ್ಲ, ಹಾಗೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಆ ಜೋಡಣೆ ಸಲೀಸಾಗುವುದಿಲ್ಲ. ಪ್ರತಿ ಪದವನ್ನೂ ಹೊಸದಾಗಿ ಬಿಡಿಸಬೇಕು. ಇದು ಹುಟ್ಟಿನಿಂದ ಬರುವುದು, ಹಲವು ಸಲ ವಂಶದಲ್ಲಿ ಹರಿದು ಬರುತ್ತದೆ. 'ನಾನೂ ಓದಿನಲ್ಲಿ ಹಿಂದೆ ಇದ್ದೆ, ಅದಕ್ಕೇ ಏಳನೇ ಕ್ಲಾಸಿಗೆ ಬಿಟ್ಟೆ' ಅನ್ನುವ ಅಪ್ಪಂದಿರು ಒಂದು ಸಲ ಯೋಚನೆ ಮಾಡಬಹುದು. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಹೆಚ್ಚುಕಡಿಮೆ ಈ ತೊಡಕು ಇರುತ್ತದೆ ಎಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕ. ಮೂವತ್ತು ಮಕ್ಕಳ ಕ್ಲಾಸಿಗೆ ಎರಡು ಮೂರು ಮಕ್ಕಳು ಅಂದುಕೊಳ್ಳಿ.

ಕನ್ನಡ ಅಕ್ಷರದಲ್ಲಿ ಎಲ್ಲಿ ಎಡವುತ್ತಾರೆ

ಡಿಸ್ಲೆಕ್ಸಿಯಾ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಬರುವುದೆಲ್ಲ ಇಂಗ್ಲಿಷ್ ಉದಾಹರಣೆ: ಬಿ ಬದಲು ಡಿ ಬರೀತಾನೆ, ಇತ್ಯಾದಿ. ಕನ್ನಡ ಓದುವ ನಮ್ಮ ಮಕ್ಕಳ ಕಷ್ಟ ಬೇರೆ ಥರ ಇದೆ.

ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಇಂಗ್ಲಿಷಿನ ಹಾಗೆ ಬರೆಯೋದೊಂದು ಓದೋದೊಂದು ಅಲ್ಲ. ಅಷ್ಟರ ಮಟ್ಟಿಗೆ ಅನುಕೂಲ. ಆದರೆ ಕಲಿಯಬೇಕಾದ ರೂಪಗಳು ಜಾಸ್ತಿ. ಮೂಲ ಅಕ್ಷರ ಐವತ್ತರ ಹತ್ತಿರ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನಾನೂರು ದಾಟುತ್ತವೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಎಲ್ಲಾ ಸರಿ ಇರುವ ಮಕ್ಕಳಿಗೂ ಅಕ್ಷರ ಪೂರ್ತಿ ಕೈಗೆ ಹತ್ತಲು ನಾಲ್ಕನೇ ತರಗತಿವರೆಗೂ ಬೇಕಾಗುತ್ತದೆ ಎಂಬುದು ಅದರಲ್ಲಿ ಕಂಡಿತು. ಒಂದನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿದ ಮಾತ್ರಕ್ಕೆ ಗಾಬರಿ ಬೇಡ ಅನ್ನೋದು ಇದಕ್ಕೇ.

'ಶಕ್ತಿ' ಅನ್ನುವ ಪದ ನೋಡಿ. ಬಾಯಲ್ಲಿ ಹೇಳುವಾಗ 'ಇ' ಧ್ವನಿ ತಕಾರದ ನಂತರ ಬರುತ್ತದೆ. ಕಾಗದದ ಮೇಲೆ ಗುಡಿಸು ಹತ್ತಿರುವುದು ಕಕಾರಕ್ಕೆ, ತಕಾರ ಕೆಳಗೆ ಒತ್ತಾಗಿ ಕೂತಿದೆ. ಕಣ್ಣಿಗೆ ಕಾಣುವುದು 'ಕಿ', ಅದರ ಕೆಳಗೊಂದು 'ತ'. ಮಗು 'ಶಕಿತ' ಅಂತ ಓದುತ್ತೆ. 'ಸೂರ್ಯ'ದಲ್ಲಿ ರಕಾರದ ಧ್ವನಿ ಮೊದಲು, ಬರೆಯುವಾಗ ಅರ್ಕಾವೊತ್ತು ಯಕಾರದ ಮುಂದೆ ಬರುತ್ತದೆ. ಧ್ವನಿಯ ಸಾಲು ಒಂದು, ಬರಹದ ಸಾಲು ಇನ್ನೊಂದು. ನಮಗೆ ಇದು ಗೊತ್ತೇ ಆಗಲ್ಲ, ಯಾಕಂದ್ರೆ ನಾವು ಬಿಡಿಸಿ ಓದುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಇನ್ನು ಒಂದೇ ಥರ ಕಾಣುವ ಅಕ್ಷರಗಳು. ಪ, ಷ, ಫ, ವ. ದ, ಧ, ಥ. ರ, ಠ. ಒಂದು ಸಣ್ಣ ಗೆರೆ, ಒಂದು ಚುಕ್ಕಿ, ಅಷ್ಟೇ ವ್ಯತ್ಯಾಸ. ದೀರ್ಘ ಬಿಟ್ಟುಹೋಗುವುದಂತೂ ಬಹಳ: 'ಕೋಡು' ಇದ್ದದ್ದು 'ಕೊಡು' ಆಗುತ್ತದೆ, 'ಕಾಲು' ಹೋಗಿ 'ಕಲು'. 'ಪುಸ್ತಕ' ಒಂದೇ ಪುಟದಲ್ಲಿ ಒಂದು ಸಲ 'ಪುಸತಕ', ಇನ್ನೊಂದು ಸಲ 'ಪುತ್ಸಕ'. ತಪ್ಪೂ ಒಂದೇ ಥರ ಇರಲ್ಲ. ಅದನ್ನೇ 'ನಿನ್ನೆ ಬಂತು, ಇವತ್ತು ಬರಲ್ವಾ? ಬೇಕಂತಲೇ ಮಾಡ್ತಾನೆ' ಅಂತ ದೊಡ್ಡವರು ತಿಳಿದುಕೊಳ್ತಾರೆ.

ವಯಸ್ಸು ಏರಿದ ಹಾಗೆ ಕನ್ನಡದಲ್ಲಿ ತಪ್ಪು ಕಡಿಮೆಯಾಗಬಹುದು, ಆದರೆ ವೇಗ ಬರಲ್ಲ. ಆರನೇ ಕ್ಲಾಸಿನ ಹುಡುಗಿ ಸರಿಯಾಗಿಯೇ ಓದುತ್ತಾಳೆ, ಆದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. 'ಓದೋಕೆ ಬರುತ್ತಲ್ಲ, ಮತ್ತೇನು' ಅಂತ ಇಂಥವರನ್ನು ಯಾರೂ ಗಮನಿಸಲ್ಲ. ಗಲಾಟೆ ಮಾಡುವ ಹುಡುಗರ ಮೇಲೆ ಟೀಚರ್ ಕಣ್ಣು ಬೀಳುತ್ತದೆ, ಹಿಂದಿನ ಸಾಲಲ್ಲಿ ತಲೆ ತಗ್ಗಿಸಿ ಕೂರುವ ಹುಡುಗಿಯರು ತಪ್ಪಿಸಿಕೊಂಡುಬಿಡುತ್ತಾರೆ.

ಮಗುವಿನ ಒಂದು ದಿನ

ಶಾಲೆಯಲ್ಲಿ 'ಒಬ್ಬೊಬ್ಬರೇ ಎದ್ದು ಒಂದೊಂದು ಪ್ಯಾರಾ ಓದಿ' ಅಂದ ತಕ್ಷಣ ಈ ಮಗುವಿನ ಕೆಲಸ ಶುರು. ಮುಂದೆ ಎಷ್ಟು ಜನ ಇದ್ದಾರೆ, ತನಗೆ ಯಾವ ಪ್ಯಾರಾ ಬರುತ್ತೆ ಅಂತ ಲೆಕ್ಕ ಹಾಕುತ್ತೆ. ಪಕ್ಕದವನನ್ನು ಕೇಳಿ ಅದನ್ನು ಬಾಯಿಪಾಠ ಮಾಡಿಕೊಳ್ಳುತ್ತೆ. ಸರದಿ ಹತ್ತಿರ ಬಂದಾಗ ನೀರು ಕುಡಿಯೋಕೆ, ಒಂದಕ್ಕೆ ಹೋಗೋಕೆ ಕೈ ಎತ್ತುತ್ತೆ. ಕೆಲವರು ಜೋಕು ಹೊಡೆದು ಕ್ಲಾಸನ್ನು ನಗಿಸಿ, ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ತಗೊಳ್ಳುತ್ತಾರೆ. ಓದಿ ನಗೆಪಾಟಲಾಗುವುದಕ್ಕಿಂತ ತುಂಟ ಅನ್ನಿಸಿಕೊಳ್ಳುವುದು ವಾಸಿ ಅಂತ ಎಂಟು ವರ್ಷಕ್ಕೇ ತಿಳಿದಿರುತ್ತದೆ.

ಬೋರ್ಡಿನ ಮೇಲಿನ ನೋಟ್ಸ್ ಇಳಿಸಿಕೊಳ್ಳುವುದು ಇನ್ನೊಂದು ಸಂಕಟ. ಉಳಿದವರು ಒಂದು ಪದ ನೋಡಿ ಒಂದು ಪದ ಬರೆಯುತ್ತಾರೆ. ಈ ಮಗು ಒಂದು ಅಕ್ಷರ ನೋಡಿ ಒಂದು ಅಕ್ಷರ ಬರೆಯುತ್ತೆ, ಪ್ರತಿ ಸಲ ಕಣ್ಣು ಮೇಲೆತ್ತಿ ಎಲ್ಲಿದ್ದೆ ಅಂತ ಹುಡುಕಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಬೋರ್ಡು ಒರೆಸಿಯಾಗಿರುತ್ತದೆ. ಉಕ್ತಲೇಖನದ ದಿನ ಹೊಟ್ಟೆನೋವು. ಆ ಹೊಟ್ಟೆನೋವು ಸುಳ್ಳಲ್ಲ, ಹೆದರಿಕೆಗೆ ನಿಜವಾಗಿಯೂ ಬರುತ್ತದೆ.

ಮನೆಗೆ ಬಂದರೆ ಹೋಮ್‌ವರ್ಕ್. ಅಕ್ಕನಿಗೆ ಅರ್ಧ ಗಂಟೆಯ ಕೆಲಸ ಇವನಿಗೆ ಎರಡು ಗಂಟೆ. ಅದರ ಮೇಲೆ ಟ್ಯೂಷನ್, ತಪ್ಪಾದ ಪದವನ್ನು ಐವತ್ತು ಸಲ ಬರೆಯುವ ಶಿಕ್ಷೆ. ತಪ್ಪನ್ನೇ ಐವತ್ತು ಸಲ ಬರೆದು ತರುವ ಮಕ್ಕಳೂ ಇದ್ದಾರೆ. ದಿನಪೂರ್ತಿ ಉಳಿದವರಿಗಿಂತ ಹೆಚ್ಚು ದುಡಿದ ಮಗು ಸಂಜೆಗೆ ಸೋಮಾರಿ ಅನ್ನಿಸಿಕೊಂಡು ಮಲಗುತ್ತದೆ.

ಹೊಡೆತದ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದು, ಮಾನಸಿಕವಾಗಿ ಹಿಂಸಿಸುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಕ್ಲಾಸಿನ ಎದುರು ದಡ್ಡ ಅಂತ ಕರೆಯುವುದು 'ಶಿಸ್ತು' ಅಲ್ಲ. 'ನಾಲ್ಕು ಬಿಡಿ ಸಾರ್, ಬುದ್ಧಿ ಬರಲಿ' ಅಂತ ಪೋಷಕರೇ ಹೇಳಿ ಹೋಗುವ ಪದ್ಧತಿಯೂ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಹಿಂದೆ ಬಿದ್ದವರೆಲ್ಲ ಡಿಸ್ಲೆಕ್ಸಿಯಾ ಅಲ್ಲ

ಇದನ್ನೂ ಅಷ್ಟೇ ಒತ್ತಿ ಹೇಳಬೇಕು. ಕಣ್ಣು ಮಂಜಾಗಿದ್ದರೆ, ಕಿವಿ ಸರಿ ಕೇಳದಿದ್ದರೆ, ಶಾಲೆ ಪದೇ ಪದೇ ತಪ್ಪಿದ್ದರೆ ಮಗು ಓದಿನಲ್ಲಿ ಹಿಂದೆ ಬೀಳುತ್ತೆ. ಹಿಂದಿನ ಸಾಲಿನ ಎಷ್ಟೋ ಮಕ್ಕಳಿಗೆ ಬೇಕಾಗಿರೋದು ಬರೀ ಒಂದು ಕನ್ನಡಕ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ, ತುಳು ಮಾತಾಡುವ ಮಗುವಿಗೆ ಪುಸ್ತಕದ ಕನ್ನಡವೇ ಹೊಸ ಭಾಷೆ. ಅದಕ್ಕೆ ಬೇಕಾದ್ದು ಸಮಯ. ಸಂತೆಗೆ, ಸುಗ್ಗಿಗೆ, ಗುಳೆಗೆ ಅಂತ ತಂದೆತಾಯಿ ಜೊತೆ ಅಲೆದ ಮಗುವಿಗೂ ಹಾಗೇ.

ಆದ್ದರಿಂದ ಮೊದಲು ಕಣ್ಣು, ಕಿವಿ ತಪಾಸಣೆ. ಆಮೇಲೆ ಐದಾರು ತಿಂಗಳು ದಿನಾ ಕೂರಿಸಿಕೊಂಡು ಸರಿಯಾಗಿ ಕಲಿಸಿ ನೋಡಿ. ಪಾಠ ಸಿಗದೆ ಹಿಂದೆ ಬಿದ್ದ ಮಗು ಬೇಗ ಮೇಲೆ ಬರುತ್ತದೆ. ಚೆನ್ನಾಗಿ ಕಲಿಸಿದರೂ, ಮಾತಿನಲ್ಲಿ ಚುರುಕಾಗಿದ್ದರೂ, ಅಕ್ಷರದ ಹತ್ತಿರ ಮಾತ್ರ ಮತ್ತೆ ಮತ್ತೆ ನಿಲ್ಲುವ ಮಗುವನ್ನು ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ಎಂಟು ವರ್ಷ, ಅಂದರೆ ಹೆಚ್ಚುಕಡಿಮೆ ಮೂರನೇ ತರಗತಿ, ಇದಕ್ಕೆ ಸರಿಯಾದ ಸಮಯ.

'ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಸರಿ ಹೋಗ್ತಾನೆ' ಎಂದು ಶಾಲೆ ಬದಲಾಯಿಸುವವರು ಬಹಳ ಜನ. ಅದು ಉಲ್ಟಾ ಹೊಡೆಯುವ ಸಾಧ್ಯತೆಯೇ ಜಾಸ್ತಿ. ಅಕ್ಷರ ಒಂದು, ಉಚ್ಚಾರ ಇನ್ನೊಂದು ಇರುವ ಇಂಗ್ಲಿಷ್ ಈ ಮಕ್ಕಳಿಗೆ ಕನ್ನಡಕ್ಕಿಂತ ಕಷ್ಟ. ಜಾಣತನದ ಪುಡಿ, ನೆನಪಿನ ಟಾನಿಕ್, ಬಣ್ಣದ ಕನ್ನಡಕ ಯಾವುದರಿಂದಲೂ ಡಿಸ್ಲೆಕ್ಸಿಯಾ ವಾಸಿಯಾಗಲ್ಲ. ದುಡ್ಡು ಉಳಿಸಿಕೊಳ್ಳಿ. ಇದು ಮಾತ್ರೆ ನುಂಗಿ ಹೋಗುವ ರೋಗ ಅಲ್ಲ, ಕಲಿಸುವ ರೀತಿ ಬದಲಾದರೆ ಮಗು ಓದಲು ಕಲಿಯುತ್ತದೆ.

ಕಲಿಸುವ ರೀತಿ ಅಂದ್ರೆ ಏನು

ದೊಡ್ಡ ವಿದ್ಯೆ ಏನಲ್ಲ, ತಾಳ್ಮೆ ಬೇಕು. ಭಾನುವಾರ ಮೂರು ಗಂಟೆ ಕೂರಿಸುವುದಕ್ಕಿಂತ ದಿನಾ ಹದಿನೈದು ನಿಮಿಷ ಲೇಸು. ಮೊದಲು ಕಿವಿಯ ಆಟ: 'ಮರ' ಅನ್ನೋದರಲ್ಲಿ 'ಮ' ತೆಗೆದು 'ಸ' ಹಾಕಿದರೆ ಏನಾಗುತ್ತೆ? ಪದಬಂಡಿ, ಅಂತ್ಯಾಕ್ಷರಿ ಎಲ್ಲ ಇದಕ್ಕೆ ಒಳ್ಳೇದು. ಅಕ್ಷರವನ್ನು ಬಾಯಲ್ಲಿ ಹೇಳುತ್ತಾ ಮರಳಲ್ಲಿ, ರಾಗಿ ಹರಡಿದ ತಟ್ಟೆಯಲ್ಲಿ ಬೆರಳಿಂದ ತಿದ್ದಿಸಿ. ಹಿಂದೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಪದ್ಧತಿ ಈ ಮಕ್ಕಳಿಗೆ ಬಹಳ ಹೊಂದುತ್ತದೆ. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕೆಲಸ ಮಾಡಿದಾಗ ಅಕ್ಷರ ನಿಲ್ಲುತ್ತೆ. ಒತ್ತಕ್ಷರದ ಪದವನ್ನು ಬಿಡಿಸಿ ತೋರಿಸಿ: ಶ, ಕ್, ತಿ. ಒಂದು ಸಲಕ್ಕೆ ಒಂದೇ ಹೊಸ ಒತ್ತು. ಪ ಮತ್ತು ಷ ಒಂದೇ ವಾರದಲ್ಲಿ ಬೇಡ.

ಓದುವಾಗ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಳ್ಳಲಿ. ನೀವೂ ಜೊತೆಗೆ ದನಿಗೂಡಿಸಿ ಓದಿ. ಸಮಾಜ, ವಿಜ್ಞಾನದ ಪಾಠವನ್ನು ನೀವೇ ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ. ಓದಲು ಬರದಿದ್ದ ಮಾತ್ರಕ್ಕೆ ವಿಷಯವೂ ತಪ್ಪಿಹೋಗಬಾರದು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಬರಹವನ್ನು ಓದಿ ಹೇಳುವ, ನಾವು ಹೇಳಿದ್ದನ್ನು ಕನ್ನಡದಲ್ಲೇ ಟೈಪ್ ಮಾಡುವ ಸೌಲಭ್ಯ ಈಗ ಇದೆ. ರೀಲ್ಸ್ ನೋಡುವ ಫೋನನ್ನೇ ಈ ಕೆಲಸಕ್ಕೂ ಬಳಸಬಹುದು.

ಟೀಚರ್ ಹತ್ತಿರ ಒಂದು ಮನವಿ ಮಾಡಿಕೊಳ್ಳಿ: ಮುಂಚೆ ಹೇಳದೆ ಎಲ್ಲರೆದುರು ಎಬ್ಬಿಸಿ ಓದಿಸಬೇಡಿ. ನಾಳೆ ಈ ಪ್ಯಾರಾ ನಿನ್ನದು ಅಂತ ಹಿಂದಿನ ದಿನ ಹೇಳಿದರೆ ಮಗು ತಯಾರಾಗಿ ಬರುತ್ತದೆ. ಇದಕ್ಕೆ ಖರ್ಚಿಲ್ಲ, ಆದೇಶವೂ ಬೇಕಿಲ್ಲ.

ತಾಲ್ಲೂಕಿನಲ್ಲಿ ಯಾರನ್ನು ಕೇಳಬೇಕು

ಮೊದಲು ಕ್ಲಾಸ್ ಟೀಚರ್. ಮಗುವಿನಲ್ಲಿ ಯಾವುದಾದರೂ ನ್ಯೂನತೆ ಇರಬಹುದೇ ಎಂದು ಶಾಲೆಯಲ್ಲೇ ಪ್ರಾಥಮಿಕವಾಗಿ ನೋಡಲು ಎನ್‌ಸಿಇಆರ್‌ಟಿ ರೂಪಿಸಿದ 'ಪ್ರಶಸ್ತ್' ಎಂಬ ಮೊಬೈಲ್ ಆ್ಯಪ್ ಇದೆ. ಓದಿನ ತೊಡಕನ್ನೇ ಗುರುತಿಸಲು ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 'ಡಾಲಿ' ಎಂಬ ಪರೀಕ್ಷಾ ಸಾಧನ ತಯಾರಿಸಿದ್ದು, ಅದು ಕನ್ನಡದಲ್ಲೂ ಇದೆ. ಕನ್ನಡದ ಮಗುವನ್ನು ಇಂಗ್ಲಿಷ್ ಪದ ಓದಿಸಿ ಅಳೆಯಬಾರದು ಅನ್ನೋದು ಪೋಷಕರು ಕೇಳಲೇಬೇಕಾದ ಮಾತು.

ಬಿಇಒ ಕಚೇರಿಗೆ ಸೇರಿದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಹೆಚ್ಚಿನ ಪೋಷಕರಿಗೆ ಇಂಥ ಹುದ್ದೆ ಇರುವುದೇ ಗೊತ್ತಿಲ್ಲ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ನೋಡಬೇಕಾದ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ. ಹಲ್ಲು, ರಕ್ತಹೀನತೆ ನೋಡುವ ದಿನ ಇದನ್ನೂ ಕೇಳಿ. ವಿಕಲಚೇತನರ ಸೌಲಭ್ಯದ ಅರ್ಜಿಗೆ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ಸಹಾಯ ಮಾಡುತ್ತಾರೆ.

ಜಿಲ್ಲಾ ಆಸ್ಪತ್ರೆಯಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಇವೆ. ಹೋಗುವ ಮೊದಲು ಫೋನ್ ಮಾಡಿ ಯಾವ ದಿನ ಮಕ್ಕಳನ್ನು ನೋಡುತ್ತಾರೆ ಅಂತ ಕೇಳಿಕೊಳ್ಳಿ. ಕೂಲಿ ಬಿಟ್ಟು, ಅಂಗಡಿ ಬಾಗಿಲು ಹಾಕಿ ಹೋದವರು ಬರಿಗೈಲಿ ಬರುವಂತಾಗಬಾರದು.

ಸರ್ಟಿಫಿಕೇಟ್ ಮತ್ತು ಪರೀಕ್ಷೆ

ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದಿತ್ತು. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಆಗಬೇಕು ಎಂದು ಅದರಲ್ಲಿತ್ತು. ಮಕ್ಕಳ ವೈದ್ಯರು ನೋಡಿದ ಮೇಲೆ ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟ, ಓದು, ಬರಹ, ಲೆಕ್ಕ ಪರೀಕ್ಷಿಸುತ್ತಾರೆ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲಿಕೆ ಬಳಸುತ್ತಾರೆ. ಅರ್ಜಿ ಹಾಕುವುದು ಯುಡಿಐಡಿ ಪೋರ್ಟಲಿನಲ್ಲಿ. ನ್ಯೂನತೆ ಶೇ 40 ಅಥವಾ ಹೆಚ್ಚು ಅಂತ ಬಂದರೆ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಅನ್ವಯಿಸುತ್ತವೆ.

ಏನು ಸಿಗುತ್ತೆ? ಪರೀಕ್ಷೆ ಬರೆಯಲು ಹೆಚ್ಚು ಸಮಯ, ಬೇಕಾದರೆ ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಮೂರೂ 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಹೆಸರು ಹಿಡಿದು ಬರೆದಿವೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಿ ತಕ್ಕ ಬೋಧನಾ ಕ್ರಮ ತೆಗೆದುಕೊಳ್ಳಬೇಕು ಎಂದು 16ನೇ ಸೆಕ್ಷನ್ ಶಾಲೆಗಳಿಗೆ ಹೇಳುತ್ತದೆ. ಸರ್ಕಾರಿ ಶಾಲೆಗೂ, ಅನುದಾನಿತ ಶಾಲೆಗೂ, ಸರ್ಕಾರದ ಮಾನ್ಯತೆ ಇರುವ ಖಾಸಗಿ ಶಾಲೆಗೂ ಇದು ಅನ್ವಯ. ಹೆಚ್ಚುವರಿ ಸಮಯ ಎಷ್ಟು ಅಂತ ಕೇಳುವವರಿಗೆ: ಕೇಂದ್ರದ 2018ರ ಆಗಸ್ಟ್ ಮಾರ್ಗಸೂಚಿ ಹೇಳಿದ್ದು ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ.

ಎಸ್ಸೆಸ್ಸೆಲ್ಸಿಗೆ ಈ ಸೌಲಭ್ಯ ಬೇಕಾದರೆ ಮುಖ್ಯಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ದಾಖಲೆ ಹೋಗಬೇಕು, ಅದೂ ನೋಂದಣಿ ಹೊತ್ತಿಗೇ. ಫೆಬ್ರುವರಿಯಲ್ಲಿ ಆಸ್ಪತ್ರೆಗೆ ಓಡಿದರೆ ಕಾಲ ಮೀರಿರುತ್ತದೆ. ಎಂಟನೇ ಕ್ಲಾಸಿನಲ್ಲಿರುವ ಮಗುವಿನ ಸರ್ಟಿಫಿಕೇಟನ್ನು 14ರ ವಯಸ್ಸಿಗೆ ನವೀಕರಿಸಿಕೊಂಡರೆ ಹತ್ತನೇ ಕ್ಲಾಸಿಗೆ ನೇರ ಉಪಯೋಗಕ್ಕೆ ಬರುತ್ತದೆ.

'ಅಂಗವಿಕಲ ಅಂತ ಬರೆಸಿದರೆ ನಾಳೆ ಮದುವೆಗೆ ತೊಂದರೆ' ಅಂತ ಹಿಂಜರಿಯುವ ಮನೆಗಳಿವೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚು. ಆ ಕಾಗದ ಇರುವುದು ನಿಮ್ಮ ಬೀರುವಿನಲ್ಲಿ. ಶಾಲೆಗೆ, ಪರೀಕ್ಷೆಗೆ ಬೇಕೆನಿಸಿದಾಗ ತೋರಿಸುವುದು, ಇಲ್ಲದಿದ್ದರೆ ಯಾರೂ ಕೇಳಲ್ಲ.

ಆಸ್ಪತ್ರೆಗೆ ಹೋಗುವ ದಿನ ಮಗುವಿನ ಆಧಾರ್, ಫೋಟೊ, ಶಾಲೆಯ ಪತ್ರದ ಜೊತೆಗೆ ಈ ವರ್ಷದ ಮತ್ತು ಹಿಂದಿನ ವರ್ಷದ ಎರಡು ನೋಟ್‌ಬುಕ್ ಇಟ್ಟುಕೊಳ್ಳಿ, ತಪ್ಪುಗಳು ಇದ್ದ ಹಾಗೇ ಇರಲಿ, ತಿದ್ದಬೇಡಿ. ಪರೀಕ್ಷೆ ಒಂದೇ ದಿನದಲ್ಲಿ ಮುಗಿಯದೆ ಎರಡು ಮೂರು ಸಲ ಬರಲು ಹೇಳಬಹುದು. ಮಗುವಿಗೆ ಹೊಟ್ಟೆ ತುಂಬ ತಿಂಡಿ ಕೊಟ್ಟು ಕರೆದುಕೊಂಡು ಹೋಗಿ. ಇಂಜೆಕ್ಷನ್ ಇರಲ್ಲ, ಒಳಗೆ ಒಬ್ಬರು ಓದಿಸ್ತಾರೆ, ಲೆಕ್ಕ ಕೇಳ್ತಾರೆ, ಚಿತ್ರ ಜೋಡಿಸು ಅಂತಾರೆ, ತಪ್ಪಾದರೆ ಯಾರೂ ಬೈಯಲ್ಲ ಅಂತ ಬಸ್ಸಿನಲ್ಲೇ ಹೇಳಿ.